ಸ್ಟೀರಿಂಗ್ ಮೇಲಿನ ಕೈ: ಗಾಳಿಯೋ, ಅಪ್ಪಣೆಯೋ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊಸ ಕಾರು ಓಡಿಸುವ ಓದುಗರೊಬ್ಬರ ಪ್ರಶ್ನೆ ಇದು: "ಲೇನ್ ಅಸಿಸ್ಟ್ ಹಾಕಿಕೊಂಡು ಹೋಗುವಾಗ ಎಡಗಡೆ ಲಾರಿ ಸಿಕ್ಕರೆ, ಅದರಿಂದ ಸ್ವಲ್ಪ ದೂರ ಇರೋಣವೆಂದು ಸ್ಟೀರಿಂಗನ್ನು ಬಲಕ್ಕೆ ಒತ್ತುತ್ತೇನೆ. ಕಾರು ಒಪ್ಪುವುದಿಲ್ಲ, ಮತ್ತೆ ಲೇನಿನ ನಡುವಿಗೇ ಎಳೆಯುತ್ತದೆ. ಜೋರಾಗಿ ತಿರುಗಿಸಿದರೆ ಅಸಿಸ್ಟೇ ಬಿಟ್ಟುಹೋಗುತ್ತದೆ. ಇದು ದೋಷವೇ, ಇಲ್ಲ ಹೀಗೇ ಇರಬೇಕೇ?"

ದೋಷವಲ್ಲ. ಆದರೆ ಹೀಗೇ ಇರಬೇಕೆಂದೇನೂ ಇಲ್ಲ. ಇಪ್ಪತ್ತು ಮೂವತ್ತು ಸೆಂಟಿಮೀಟರ್ ಪಕ್ಕಕ್ಕೆ ಸರಿಯುವ ಈ ಸಣ್ಣ ಆಸೆಯ ಹಿಂದೆ, ನೂರು ವರ್ಷಗಳಿಂದ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುವ ವಿಷಯವೊಂದಿದೆ.

ಮೊದಲು ಆ ಆಸೆ ನ್ಯಾಯವೇ, ಲೆಕ್ಕ ಹಾಕೋಣ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ದೊಡ್ಡ ಎಸ್‌ಯುವಿಯ ಅಗಲ ಸುಮಾರು 1.9 ಮೀಟರ್. ಅದು ಸರಿಯಾಗಿ ನಡುವೆ ಹೋದರೆ ಎರಡೂ ಬದಿಗೆ 80 ಸೆಂಟಿಮೀಟರ್ ಉಳಿಯುತ್ತದೆ. ಲಾರಿಯ ಅಗಲ 2.6 ಮೀಟರಿನವರೆಗೆ ಇರಬಹುದು. ಅದೂ ತನ್ನ ಲೇನಿನ ನಡುವೆಯೇ ಇದ್ದರೆ ಅದರ ಬದಿಗೆ ಉಳಿಯುವುದು 45 ಸೆಂಟಿಮೀಟರ್. ಅಂದರೆ ಇಬ್ಬರ ನಡುವಿನ ಅಂತರ ಒಂದೂಕಾಲು ಮೀಟರ್. ಅದರಲ್ಲಿ ಕನ್ನಡಿಗಳೂ ಜಾಗ ತಿನ್ನುತ್ತವೆ. ಕಾರು 30 ಸೆಂಟಿಮೀಟರ್ ಬಲಕ್ಕೆ ಸರಿದರೆ ಅಂತರ ಒಂದೂವರೆ ಮೀಟರ್ ದಾಟುತ್ತದೆ, ಬಲಗಡೆಯ ಪಟ್ಟೆಗೆ ಇನ್ನೂ ಅರ್ಧ ಮೀಟರ್ ಉಳಿದಿರುತ್ತದೆ. ಲಾರಿ ಸ್ವಲ್ಪ ಓಲಾಡಿದರೂ ಭಯವಿಲ್ಲ. ಅನುಭವವಿರುವ ಚಾಲಕರೆಲ್ಲ ಯೋಚಿಸದೆಯೇ ಹೀಗೆ ಮಾಡುತ್ತಾರೆ. ಓದುಗರ ಕೈ ಸರಿಯಾದದ್ದನ್ನೇ ಕೇಳುತ್ತಿದೆ.

ಯಂತ್ರಕ್ಕೆ ಈ ಲೆಕ್ಕ ಕಾಣುವುದಿಲ್ಲ. ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾ ಎರಡು ಪಟ್ಟೆಗಳನ್ನು ಗುರುತಿಸಿ, ಅವುಗಳ ನಡುವೆ ಒಂದು ಕಾಲ್ಪನಿಕ ಗೆರೆ ಎಳೆದುಕೊಳ್ಳುತ್ತದೆ. ಆ ಗೆರೆಯಿಂದ ಕಾರು ಎಷ್ಟು ದೂರವಿದೆ, ಕಾರಿನ ಮೂತಿ ಅದರಿಂದ ಎಷ್ಟು ಓರೆಯಾಗಿದೆ, ಮುಂದೆ ತಿರುವು ಎಷ್ಟಿದೆ ಎಂದು ಅಳೆಯುತ್ತಲೇ ಇರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೂತಿ ಬರೀ ಒಂದು ಡಿಗ್ರಿ ಓರೆಯಾದರೂ ಕಾರು ಸೆಕೆಂಡಿಗೆ ಅರ್ಧ ಮೀಟರಿನಷ್ಟು ಪಕ್ಕಕ್ಕೆ ಜಾರುತ್ತದೆ. ಬದಿಯಲ್ಲಿರುವ 80 ಸೆಂಟಿಮೀಟರ್ ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಹಾಗಾಗಿ ಯಂತ್ರ ಬಿಡುವಿಲ್ಲದೆ ತಿದ್ದುತ್ತಿರುತ್ತದೆ. ನಡುಗೆರೆಯಿಂದಾದ ಅಂತರವನ್ನು ಸೊನ್ನೆಗೆ ತರುವುದೇ ಅದರ ಕೆಲಸ. ನೀವು ಬೇಕೆಂದೇ ಸರಿದ 30 ಸೆಂಟಿಮೀಟರ್ ಅದರ ಪಾಲಿಗೆ ಒಂದು ತಪ್ಪು.

ತಪ್ಪನ್ನು ತಿದ್ದುವ ಈ ವಿದ್ಯೆ ಹುಟ್ಟಿದ್ದು ಸಮುದ್ರದಲ್ಲಿ. ನಿಕೊಲಾಸ್ ಮಿನೋರ್‌ಸ್ಕಿ ರಷ್ಯಾದ ನೌಕಾಪಡೆಯಲ್ಲಿದ್ದವರು, 1918ರಲ್ಲಿ ಅಮೆರಿಕಕ್ಕೆ ವಲಸೆ ಬಂದರು. ಹಡಗು ತಾನಾಗಿ ದಿಕ್ಕು ಹಿಡಿದು ಸಾಗುವಂತೆ ಮಾಡುವುದು ಹೇಗೆಂಬುದು ಅವರ ಮುಂದಿದ್ದ ಸಮಸ್ಯೆ. ಅವರು ನುರಿತ ಚುಕ್ಕಾಣಿಗರು ಏನು ಮಾಡುತ್ತಾರೆಂದು ಗಮನಿಸಿದರು. ಒಳ್ಳೆಯ ಚುಕ್ಕಾಣಿಗ ಹಡಗು ಈಗ ಎಷ್ಟು ದಿಕ್ಕು ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಆ ತಪ್ಪು ಎಷ್ಟು ಬೇಗ ಬೆಳೆಯುತ್ತಿದೆ, ಇಲ್ಲವೇ ಇಳಿಯುತ್ತಿದೆ ಎಂದು ಅಂದಾಜು ಮಾಡುತ್ತಾನೆ. ಎಷ್ಟು ಹೊತ್ತಿನಿಂದ ಹಡಗು ಒಂದೇ ಕಡೆಗೆ ವಾಲುತ್ತಿದೆ ಎಂಬುದನ್ನೂ ನೆನಪಿಟ್ಟುಕೊಂಡಿರುತ್ತಾನೆ. ಮಿನೋರ್‌ಸ್ಕಿ 1922ರ ತಮ್ಮ ಪ್ರಬಂಧದಲ್ಲಿ ಈ ಮೂರನ್ನೂ ಸಮೀಕರಣಕ್ಕೆ ಇಳಿಸಿದರು. ಮರುವರ್ಷ ಯುಎಸ್‌ಎಸ್ ನ್ಯೂ ಮೆಕ್ಸಿಕೊ ಎಂಬ ಯುದ್ಧನೌಕೆಯಲ್ಲಿ ಅದರ ಪ್ರಯೋಗವೂ ನಡೆಯಿತು. ಪ್ರಯೋಗ ಚೆನ್ನಾಗಿಯೇ ನಡೆದರೂ ನೌಕಾಪಡೆ ಆ ಯಂತ್ರವನ್ನು ಕೈಗೆತ್ತಿಕೊಳ್ಳಲಿಲ್ಲ. ಹಡಗಿನ ಸಿಬ್ಬಂದಿಗೇ ಅದು ಬೇಡವಾಗಿತ್ತು. ಆದರೂ ಅವರ ಸೂತ್ರ ಇಂದು ಪಿಐಡಿ ನಿಯಂತ್ರಣವೆಂಬ ಹೆಸರಿನಲ್ಲಿ ಕಾರ್ಖಾನೆಗಳ ಬಾಯ್ಲರಿನಿಂದ ಡ್ರೋನಿನವರೆಗೆ ಎಲ್ಲ ಕಡೆಯೂ ಇದೆ. ಇವತ್ತಿನ ಕಾರುಗಳ ಗಣಿತ ಎಷ್ಟೇ ಮುಂದೆ ಹೋಗಿದ್ದರೂ ಚುಕ್ಕಾಣಿಗನ ಆ ಮೂರು ಪ್ರಶ್ನೆಗಳು ಅದರೊಳಗೆ ಒಂದಲ್ಲ ಒಂದು ರೂಪದಲ್ಲಿ ಉಳಿದಿವೆ.

ನಮ್ಮ ಓದುಗರ ತೊಂದರೆ ಇರುವುದು ಮೂರನೆಯ ಪ್ರಶ್ನೆಯಲ್ಲಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಪಕ್ಕಕ್ಕೆ ಸ್ವಲ್ಪ ಇಳಿಜಾರಾಗಿ ಹಾಕಿರುತ್ತಾರೆ. ಕಾರು ಆ ಕಡೆಗೆ ಸದಾ ಸ್ವಲ್ಪ ಎಳೆಯುತ್ತದೆ. ಬಯಲಿನಲ್ಲಿ ಅಡ್ಡಗಾಳಿ ಬೀಸುತ್ತದೆ. ಇಂಥ ಬಿಡದ ಒತ್ತಡವನ್ನು ಗೆಲ್ಲಲು ಯಂತ್ರ ಹಳೆಯ ತಪ್ಪುಗಳನ್ನೆಲ್ಲ ಕೂಡುತ್ತಾ ಹೋಗುತ್ತದೆ. ಮೊತ್ತ ಬೆಳೆದಷ್ಟೂ ಎದುರು ಬದಿಗೆ ಹೆಚ್ಚು ಒತ್ತುತ್ತದೆ. ಈಗ ನೀವು ಲಾರಿಯ ಪಕ್ಕದಲ್ಲಿ ಸಾಗುವಾಗ ಸ್ಟೀರಿಂಗನ್ನು ಹದವಾಗಿ ಬಲಕ್ಕೆ ಒತ್ತಿ ಹಿಡಿದಿರಿ ಎನ್ನಿ. ಬರೀ ಈ ಸೂತ್ರವನ್ನೇ ನಂಬಿದ ಯಂತ್ರ ನಿಮ್ಮ ಕೈಯನ್ನು ಎಡದಿಂದ ಬೀಸಿದ ಗಾಳಿಯೆಂದು ತಿಳಿಯುತ್ತದೆ. ಹೊತ್ತು ಕಳೆದಂತೆ ನಿಮ್ಮೊಂದಿಗೆ ಇನ್ನೂ ಜೋರಾಗಿ ಸೆಣಸುತ್ತದೆ. ನೀವು ಕೈ ಸಡಿಲಿಸಿದ ಕ್ಷಣ, ಅಷ್ಟು ಹೊತ್ತು ಕೂಡಿಟ್ಟ ಬಲವೆಲ್ಲ ಒಮ್ಮೆಗೇ ಹೊರಬಂದು ಕಾರು ನಡುಗೆರೆಯನ್ನೂ ದಾಟಿ ಲಾರಿಯ ಕಡೆಗೇ ವಾಲುತ್ತದೆ. ಯಾವುದರಿಂದ ದೂರ ಹೋಗಬೇಕೆಂದಿದ್ದಿರೋ ಅದರ ಹತ್ತಿರಕ್ಕೇ! ನಿಯಂತ್ರಣ ಎಂಜಿನಿಯರುಗಳಿಗೆ ಇದು ಬಹಳ ಹಳೆಯ, ಚೆನ್ನಾಗಿ ಗೊತ್ತಿರುವ ಅಪಾಯ. ಕೈ ತಾಗಿದೆಯೆಂದು ತಿಳಿದ ಕೂಡಲೇ ಕೂಡುವುದನ್ನು ನಿಲ್ಲಿಸಬೇಕು ಎಂಬುದು ಇದಕ್ಕೆ ಮದ್ದು.

ಕೈಯನ್ನೂ ಗಾಳಿಯನ್ನೂ ಬೇರೆ ಮಾಡಿ ಗುರುತಿಸುವ ಸಾಧನ ಕಾರಿನಲ್ಲಿ ಆಗಲೇ ಇದೆ ಎಂಬುದೇ ಸಂತೋಷದ ಸಂಗತಿ. ಪವರ್ ಸ್ಟೀರಿಂಗಿನ ಕಂಬದ ಒಳಗೆ ಒಂದು ತೆಳ್ಳಗಿನ ಉಕ್ಕಿನ ಸರಳು ಇರುತ್ತದೆ. ಮೇಲೆ ಕೈ ತಿರುಗಿಸಿ ಕೆಳಗೆ ಚಕ್ರ ತಡೆದಾಗ ಸರಳು ಕೆಲವೇ ಡಿಗ್ರಿಯಷ್ಟು ತಿರುಚಿಕೊಳ್ಳುತ್ತದೆ, ಸೆನ್ಸರ್ ಆ ತಿರುಚನ್ನು ಅಳೆಯುತ್ತದೆ. ಮೋಟಾರು ಎಷ್ಟು ನೆರವಾಗಬೇಕೆಂದು ತಿಳಿಯಲಿಕ್ಕೇ ಇದನ್ನು ಇಟ್ಟಿರುವುದು. ಗಾಳಿ ಕಾರಿನ ಮೈಯನ್ನು ತಳ್ಳುತ್ತದೆ. ಸ್ಟೀರಿಂಗನ್ನು ಯಾರೂ ಹಿಡಿದಿಲ್ಲವಾದರೆ ಸರಳು ತಿರುಚಿಕೊಳ್ಳುವುದೇ ಇಲ್ಲವೆನ್ನಬಹುದು. ಕೈ ಒತ್ತಿದರೆ ತಿರುಚುತ್ತದೆ. ಅಂದಮೇಲೆ ಮಾಹಿತಿಯ ಕೊರತೆಯೇನಿಲ್ಲ. ಆ ಮಾಹಿತಿಯನ್ನು ಏನೆಂದು ಓದಬೇಕು ಎಂಬುದನ್ನು ತಯಾರಕರು ತೀರ್ಮಾನಿಸಬೇಕು, ಅಷ್ಟೇ.

ಆ ತೀರ್ಮಾನ ಬಹಳ ಕಾಲ ಕೈಗೆ ವಿರುದ್ಧವಾಗಿಯೇ ಇತ್ತು. 1995ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ಪಾಮರ್ಲೊ ಮತ್ತು ಟಾಡ್ ಯೋಕೆಮ್ ಪಿಟ್ಸ್‌ಬರ್ಗಿನಿಂದ ಸ್ಯಾನ್ ಡಿಯಾಗೊವರೆಗೆ ವ್ಯಾನ್ ಓಡಿಸಿಕೊಂಡು ಹೋದರು. ವೇಗವನ್ನು ಅವರು ನೋಡಿಕೊಂಡರು, ಸ್ಟೀರಿಂಗನ್ನು ಕಂಪ್ಯೂಟರ್ ನೋಡಿಕೊಂಡಿತು. ಆ ಯಾತ್ರೆಗೆ ಇಟ್ಟ ಹೆಸರೇ "ನೋ ಹ್ಯಾಂಡ್ಸ್ ಅಕ್ರಾಸ್ ಅಮೆರಿಕ". ಸುಮಾರು 4,600 ಕಿಲೋಮೀಟರಿನಲ್ಲಿ ಶೇಕಡಾ 98.2ರಷ್ಟು ದೂರವನ್ನು ಕಂಪ್ಯೂಟರೇ ತಿರುಗಿಸಿತು ಎಂಬುದು ಅವರ ಹೆಮ್ಮೆ. ನ್ಯಾಯವಾದ ಹೆಮ್ಮೆಯೇ, ಆ ಕಾಲಕ್ಕೆ ಅದು ಬೆರಗಿನ ಸಾಧನೆ. ಅದೇ ವರ್ಷ ಜರ್ಮನಿಯಲ್ಲಿ ಎರ್ನ್‌ಸ್ಟ್ ಡಿಕ್‌ಮನ್ಸ್ ಅವರ ತಂಡದ ಮರ್ಸಿಡಿಸ್ ಕಾರು ಮ್ಯೂನಿಕ್ಕಿನಿಂದ ಡೆನ್ಮಾರ್ಕಿನ ಓಡೆನ್ಸಕ್ಕೆ ಹೋಗಿಬಂದಿತು. ಆದರೆ ಈ ಅಳತೆಯಲ್ಲಿ ಕೈ ತಾಗಿದ ಒಂದೊಂದು ಗಳಿಗೆಯೂ ಸೋಲು. 2001ರಲ್ಲಿ ಜಪಾನಿನ ನಿಸ್ಸಾನ್ ಸೀಮಾದಂಥ ಕಾರಿನಲ್ಲಿ ಲೇನ್ ನೆರವು ಮಾರುಕಟ್ಟೆಗೆ ಬಂದಾಗ ಪರಿಸ್ಥಿತಿಯೇ ಬೇರೆಯಾಗಿತ್ತು. ಅಲ್ಲಿ ಚಾಲಕ ಎಲ್ಲಿಗೂ ಹೋಗಿರಲಿಲ್ಲ, ಹೊಣೆಯೂ ಅವನದೇ. ಅಂಥ ಕಾರಿನಲ್ಲಿ ಕೈ ತಾಗುವುದು ಸೋಲಾಗಲು ಹೇಗೆ ಸಾಧ್ಯ?

ಈ ಪ್ರಶ್ನೆಗೆ ನನಗೆ ಬಹಳ ಇಷ್ಟವಾದ ಉತ್ತರವೊಂದು 2003ರಲ್ಲಿ ನಾಸಾದಿಂದ ಬಂತು. ಫ್ರಾಂಕ್ ಫ್ಲೆಮಿಷ್ ಮತ್ತು ಸಂಗಡಿಗರು, ಮನುಷ್ಯ ಮತ್ತು ಸ್ವಯಂಚಾಲಿತ ವಾಹನದ ಸಂಬಂಧ ಸವಾರ ಮತ್ತು ಕುದುರೆಯ ಸಂಬಂಧದಂತೆ ಇರಬೇಕು ಎಂದರು. ನಮಗೆ ಎತ್ತಿನ ಗಾಡಿಯೆಂದರೆ ಇನ್ನೂ ಬೇಗ ಅರ್ಥವಾಗುತ್ತದೆ. ಪಳಗಿದ ಜೋಡಿ ಎತ್ತುಗಳಿಗೆ ಸಂತೆಯಿಂದ ಊರಿಗೆ ಬರುವ ಜಾಡು ಗೊತ್ತು. ಗಾಡಿ ಹೊಡೆಯುವವನು ಹಗ್ಗವನ್ನು ಸಡಿಲ ಬಿಟ್ಟು ಕೂತಿರುತ್ತಾನೆ, ಆದರೆ ಕೈಬಿಟ್ಟಿರುವುದಿಲ್ಲ. ಮುಂದೆ ಅಂಚು ಕುಸಿದದ್ದು ಕಂಡರೆ ಬಲಗಡೆಯ ಹಗ್ಗವನ್ನು ಒಂದಿಷ್ಟು ಎಳೆಯುತ್ತಾನೆ. ಎತ್ತು ಅಷ್ಟೇ ಸರಿಯುತ್ತದೆ. ಎದುರು ಎಳೆಯುವುದೂ ಇಲ್ಲ, ಮುನಿಸಿಕೊಂಡು ನಿಲ್ಲುವುದೂ ಇಲ್ಲ. ಹಗ್ಗ ಸಡಿಲವಾದ ಮೇಲೆ ತಾನಾಗಿ ಜಾಡಿಗೆ ಮರಳುತ್ತದೆ. ಕತ್ತಲಲ್ಲಿ ಎತ್ತು ಹಿಂಜರಿದರೆ ಅದೂ ಹಗ್ಗದಲ್ಲೇ ಕೈಗೆ ಗೊತ್ತಾಗುತ್ತದೆ. ಇಕ್ಕಟ್ಟಿನ ಜಾಗ ಬಂದರೆ ಅವನು ಹಗ್ಗವನ್ನು ಬಿಗಿಹಿಡಿದು ಹೆಜ್ಜೆ ಹೆಜ್ಜೆಗೂ ತಾನೇ ನಡೆಸುತ್ತಾನೆ. ಬಿಗಿಯಿಂದ ಸಡಿಲಕ್ಕೆ, ಸಡಿಲದಿಂದ ಬಿಗಿಗೆ ಹೋಗುವಾಗ ನಡುವೆ ಎಲ್ಲಿಯೂ ಗೆರೆ ಕೊಯ್ದಂತೆ ಇರುವುದಿಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಅಬಿಂಕ್, ಮಾರ್ಕ್ ಮುಲ್ಡರ್ ಮುಂತಾದವರು ಸ್ಟೀರಿಂಗ್ ಮೇಲಿನ ಬಲದ ಮೂಲಕವೇ ಮನುಷ್ಯ ಮತ್ತು ಯಂತ್ರ ಹೀಗೆ ಹಂಚಿಕೊಂಡು ಓಡಿಸುವುದರ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ.

ಮಾರುಕಟ್ಟೆಯ ಕಾರುಗಳಲ್ಲಿ ಈಗ ಮೂರು ಬಗೆ ಕಾಣುತ್ತವೆ. ಟೆಸ್ಲಾದ ಆಟೊಸ್ಟಿಯರ್‌ನಲ್ಲಿ ಸ್ಟೀರಿಂಗನ್ನು ಒಂದು ಮಿತಿ ಮೀರಿ ತಿರುಗಿಸಿದರೆ ನೆರವು ಕಳಚಿಕೊಳ್ಳುತ್ತದೆ, ಮತ್ತೆ ಬೇಕೆಂದರೆ ನೀವೇ ಹಾಕಿಕೊಳ್ಳಬೇಕು. ಜನರಲ್ ಮೋಟಾರ್ಸ್ 2017ರಲ್ಲಿ ತಂದ ಸೂಪರ್ ಕ್ರೂಸ್‌ನಲ್ಲಿ ನೀವು ತಿರುಗಿಸಿದಾಗ ಸ್ಟೀರಿಂಗ್ ಮೇಲಿನ ಹಸಿರು ದೀಪಪಟ್ಟಿ ನೀಲಿಯಾಗುತ್ತದೆ. ಯಂತ್ರ ಹಿಂದೆ ಸರಿದು ಕಾಯುತ್ತದೆ, ನೀವು ಲೇನಿನ ನಡುವಿಗೆ ಬಂದ ಮೇಲೆ ಮತ್ತೆ ವಹಿಸಿಕೊಳ್ಳುತ್ತದೆ. ಫೋರ್ಡ್‌ನ ಬ್ಲೂಕ್ರೂಸ್ ತನ್ನ 1.2 ಆವೃತ್ತಿಯಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲಿ ದೊಡ್ಡ ವಾಹನ ಬಂದರೆ ಲೇನಿನೊಳಗೇ ತಾನಾಗಿ ಆಚೆಗೆ ಸರಿಯುತ್ತದೆ. ನಮ್ಮ ಓದುಗರು ಕೈಯಿಂದ ಮಾಡಲು ಹೊರಟದ್ದು ಇದನ್ನೇ.

ಮೂರನೆಯದು ಜಾಣತನ, ಒಪ್ಪುತ್ತೇನೆ. ಆದರೆ ನನ್ನ ಮತ ಎರಡನೆಯದಕ್ಕೆ. ಯಂತ್ರಕ್ಕೆ ಲಾರಿಯನ್ನು ಗುರುತಿಸಲು ಕಲಿಸಬಹುದು. ಹಾಲು ಕ್ಯಾನು ಕಟ್ಟಿಕೊಂಡು ಅಂಚಿನಲ್ಲಿ ಬರುವ ಮೊಪೆಡ್ಡು, ಹೊರಚಾಚಿದ ಕಬ್ಬಿನ ಟ್ರಾಲಿ, ಡಾಂಬರು ಕಿತ್ತುಹೋದ ಜಾಗ, ಇವೆಲ್ಲವನ್ನೂ ಕಲಿಸಿ ಮುಗಿಯುವುದು ಯಾವಾಗ? ಅಲ್ಲಿಯವರೆಗೆ ಇವನ್ನೆಲ್ಲ ನೋಡಬಲ್ಲ ಕಣ್ಣು ಚಾಲಕನದೇ. ಆ ಕಣ್ಣು ಕಂಡದ್ದನ್ನು ಚಕ್ರಕ್ಕೆ ಮುಟ್ಟಿಸುವ ಕೈಗೆ ಯಂತ್ರ ದಾರಿ ಬಿಡಬೇಕು. ಕೈ ತಾಗಿದಾಗಲೆಲ್ಲ ನೆರವು ಕಳಚಿಕೊಂಡರೆ ಮತ್ತೆ ಮತ್ತೆ ಹಾಕುವ ರೇಜಿಗೆ ಬೇಡವೆಂದು ಚಾಲಕ ಕೈ ಹಚ್ಚುವುದನ್ನೇ ಬಿಡುತ್ತಾನೆ. ಕೈ ಬಿಟ್ಟವನ ಕಣ್ಣೂ ರಸ್ತೆಯನ್ನು ಬಿಡಲು ಹೆಚ್ಚು ಹೊತ್ತು ಬೇಕಿಲ್ಲ.

ಯುರೋಪಿನಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2018ರಲ್ಲಿ ಹತ್ತು ಕಾರುಗಳ ಹೆದ್ದಾರಿ ನೆರವನ್ನು ಹೋಲಿಸಿದಾಗ, ಲೇನ್ ನೆರವು ನಡೆಯುತ್ತಿರುವಾಗಲೇ ಚಾಲಕ ರಸ್ತೆಗುಂಡಿಯೊಂದನ್ನು ತಪ್ಪಿಸಲು ತಿರುಗಿಸಿದರೆ ಕಾರು ಏನು ಮಾಡುತ್ತದೆ ಎಂಬುದೂ ಅದರಲ್ಲಿತ್ತು. ಕೆಲವು ಕಾರುಗಳು ದಾರಿ ಬಿಟ್ಟು ಆಮೇಲೆ ಕೈಜೋಡಿಸಿದವು, ಕೆಲವು ಎದುರು ಎಳೆದವು, ಕೆಲವು ಕಳಚಿಕೊಂಡವು. ನೆರವಿನ ಎದುರು ಚಾಲಕ ಸ್ಟೀರಿಂಗ್ ತಿರುಗಿಸಲು 50 ನ್ಯೂಟನ್ನಿಗಿಂತ, ಅಂದರೆ ಸುಮಾರು ಐದು ಕಿಲೋ ತೂಕ ಎತ್ತುವಷ್ಟು ಬಲಕ್ಕಿಂತ ಹೆಚ್ಚು ಬೇಕಾಗಬಾರದು ಎಂದು ವಿಶ್ವಸಂಸ್ಥೆಯ ಸ್ಟೀರಿಂಗ್ ನಿಯಮ 79 ಹೇಳುತ್ತದೆ. ಇದು ಕೊನೆಯ ಮಿತಿ ಮಾತ್ರ. ಆ ಮಿತಿಯ ಒಳಗೆ ಒಳ್ಳೆಯ ಹೊಂದಾಣಿಕೆಗೂ ಕೆಟ್ಟ ಜಗ್ಗಾಟಕ್ಕೂ ಬೇಕಾದಷ್ಟು ಜಾಗವಿದೆ.

ಓದುಗರು ಈಗಲೇ ಮಾಡಬಹುದಾದದ್ದು ಇಷ್ಟು. ಲಾರಿಯ ಪಕ್ಕಕ್ಕೆ ಬರುವ ಮುಂಚೆಯೇ ಒತ್ತಲು ಶುರುಮಾಡಿ, ಮೆಲ್ಲಗೆ ಬಲ ಹೆಚ್ಚಿಸಿ. ದಾಟಿದ ಮೇಲೂ ತಟ್ಟನೆ ಬಿಡಬೇಡಿ, ನೀವೇ ಕಾರನ್ನು ನಡುವಿಗೆ ತಂದು ಕೈ ಸಡಿಲಿಸಿ. ಲೇನನ್ನೇ ಬದಲಿಸುವುದಾದರೆ ಇಂಡಿಕೇಟರ್ ಹಾಕಿ. ಹೆಚ್ಚಿನ ಕಾರುಗಳಲ್ಲಿ ಆಗ ಎದುರಿನ ಎಳೆತ ನಿಲ್ಲುತ್ತದೆ. ನೆರವು ಕಳಚಿಕೊಂಡಿತೇ ಇಲ್ಲವೇ ಎಂಬುದನ್ನು ಡ್ಯಾಶ್‌ಬೋರ್ಡಿನ ಗುರುತು ನೋಡಿಯೇ ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ವೇಗ ಕಾಯುವ ಕ್ರೂಸ್ ನಡೆಯುತ್ತಲೇ ಇದ್ದು ಸ್ಟೀರಿಂಗ್ ನೆರವು ಮಾತ್ರ ನಿಂತಿರಬಹುದು. ಪಟ್ಟೆ ಅಳಿಸಿಹೋದ, ದ್ವಿಚಕ್ರ ವಾಹನಗಳು ತುಂಬಿದ ರಸ್ತೆಯಲ್ಲಿ ಅದನ್ನು ಆಫ್ ಮಾಡಿ.

ಕಾರು ಕೊಳ್ಳುವವರು ಶೋರೂಮಿನಲ್ಲಿ ಲೇನ್ ಅಸಿಸ್ಟ್ ಇದೆಯೇ ಎಂದು ಕೇಳಿ ಸುಮ್ಮನಾಗುತ್ತಾರೆ. ಟೆಸ್ಟ್ ಡ್ರೈವಿನಲ್ಲಿ ವಾಹನವಿಲ್ಲದ ರಸ್ತೆ ಸಿಕ್ಕಾಗ ಅದನ್ನು ಹಾಕಿ, ಒಂದಡಿ ಪಕ್ಕಕ್ಕೆ ಸರಿದು ನೋಡಿ. ಸೆಣಸುತ್ತದೆಯೋ, ಕಳಚಿಕೊಳ್ಳುತ್ತದೆಯೋ, ಜೊತೆಗೆ ಬರುತ್ತದೆಯೋ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಕೂಡ ಯುರೋಪಿನ ಗುಂಡಿ ಪರೀಕ್ಷೆಯನ್ನು ಇಲ್ಲಿಗೆ ತರಬೇಕು. ಗುಂಡಿ ತಪ್ಪಿಸುವುದು ನಮ್ಮ ಚಾಲಕರಿಗೆ ದಿನನಿತ್ಯದ ಕೆಲಸ; ಆ ಕೆಲಸದಲ್ಲಿ ಅಡ್ಡ ಬರುವ ಯಂತ್ರಕ್ಕೆ ನೆರವಿನ ಹೆಸರಿನಲ್ಲಿ ಅಂಕ ಸಿಗಬಾರದು.