ಉಪಗ್ರಹದ ಮಳೆಲೆಕ್ಕವೂ ಊರಿನ ಮಳೆಮಾಪಕವೂ

ಒಂದು ಊರಿನಲ್ಲಿ ಹದಮಳೆ ಬಿದ್ದು ಪಕ್ಕದ ಊರಿನಲ್ಲಿ ಧೂಳೂ ಅಡಗದಿರುವುದು ಬಯಲುಸೀಮೆಯ ರೈತರಿಗೆ ಹೊಸದಲ್ಲ. ಮಳೆಯನ್ನು ಆಧರಿಸಿದ ಬೆಳೆವಿಮೆಗೂ ಬರಪರಿಹಾರಕ್ಕೂ ಮಳೆಯ ಲೆಕ್ಕವು ಮುಖ್ಯ ಆಧಾರವಾದುದರಿಂದ, ಲೆಕ್ಕ ತಪ್ಪಿದರೆ ನಷ್ಟಪಟ್ಟವನಿಗೆ ನೆರವೂ ತಪ್ಪುವುದು. ಮಳೆಮಾಪಕಗಳು ವಿರಳವಾದ ಕಡೆ ಈ ಲೆಕ್ಕಕ್ಕೆ ಉಪಗ್ರಹಗಳು ಒದಗುತ್ತಿವೆ. ಆದರೆ ಅವುಗಳ ಅಂಕಿಗಳನ್ನು ತಿದ್ದದೆ ನಂಬತಕ್ಕದ್ದಲ್ಲ.

ದೋಷದ ಕಾರಣ

ಉಪಗ್ರಹವು ನೆಲಕ್ಕೆ ಬಿದ್ದ ನೀರನ್ನು ಅಳೆಯುವುದಿಲ್ಲ. ಕೆಲವು ಉಪಗ್ರಹಗಳು ಮೋಡದ ನೆತ್ತಿ ಎಷ್ಟು ತಣ್ಣಗಿದೆಯೆಂಬುದನ್ನು ನೋಡಿ ಮಳೆಯನ್ನು ಊಹಿಸುವುವು. ಪಶ್ಚಿಮಘಟ್ಟದಲ್ಲಿ ಮುಂಗಾರಿನ ಮೋಡಗಳು ಹೆಚ್ಚು ಎತ್ತರವಿಲ್ಲದಿದ್ದರೂ ಧಾರಾಕಾರವಾಗಿ ಸುರಿಯುವುದುಂಟು; ಅಲ್ಲಿ ಊಹೆಯು ಕಡಿಮೆಯಾಗುವುದು. ಒಣಸೀಮೆಯಲ್ಲಿ ಹನಿಗಳು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗಬಹುದು. ಅಲ್ಲಿ ಊಹೆಯು ಹೆಚ್ಚಾಗುವುದು. ಅಮೆರಿಕ ಮತ್ತು ಜಪಾನ್ ದೇಶಗಳು 2014ರಲ್ಲಿ ಹಾರಿಸಿದ ಉಪಗ್ರಹವು ರೇಡಾರಿನಿಂದ ಮಳೆಹನಿಗಳನ್ನೇ ಗುರುತಿಸಬಲ್ಲುದು. ಆದರೂ ಅದನ್ನೂ ಇತರ ಉಪಗ್ರಹಗಳನ್ನೂ ಕೂಡಿಸಿ ಮಾಡುವ ಲೆಕ್ಕದಲ್ಲಿ ಒಂದೊಂದು ಚೌಕವೂ ಸುಮಾರು 11 ಕಿಲೋಮೀಟರ್ ಉದ್ದಗಲವುಳ್ಳದ್ದು. ಸುಮಾರು 30,000 ಎಕರೆ ನೆಲಕ್ಕೆ ಒಂದೇ ಅಂಕಿ.

ತಿದ್ದುವ ಕ್ರಮ

ಮಳೆಮಾಪಕವಿರುವ ಊರಿನಲ್ಲಿ ತಿಂಗಳ ಮಳೆ 120 ಮಿ.ಮೀ. ಆಗಿದ್ದು, ಉಪಗ್ರಹವು 80 ಎಂದು ತೋರಿಸಿತೆಂದು ಭಾವಿಸೋಣ. ಆಗ ತಿದ್ದುವ ಪ್ರಮಾಣವು ಒಂದೂವರೆ. ಮಾಪಕವಿಲ್ಲದ ನೆರೆಯೂರಿಗೆ ಉಪಗ್ರಹವು 50 ಎಂದರೆ ಅದನ್ನು 75 ಎಂದು ತಿದ್ದಬಹುದು. ಆದರೆ ಬೆಟ್ಟದ ಆಚೆಯ ಊರಿಗೆ ಇದೇ ಪ್ರಮಾಣವು ಸಲ್ಲದು. ಉಪಗ್ರಹವು 0 ಎಂದ ಕಡೆ ಎಷ್ಟರಿಂದ ಗುಣಿಸಿದರೂ ಫಲವು 0 ಆದುದರಿಂದ, ಅಲ್ಲಿ ಗುಣಿಸುವುದಕ್ಕೆ ಬದಲಾಗಿ ವ್ಯತ್ಯಾಸವನ್ನು ಕೂಡಿಸಬೇಕಾಗುವುದು. ಸುತ್ತಲೂ ಹಲವು ಮಾಪಕಗಳಿದ್ದರೆ ಹತ್ತಿರದ್ದಕ್ಕೆ ಹೆಚ್ಚು ತೂಕ ಕೊಡುವುದು ಪದ್ಧತಿ.

ಆಫ್ರಿಕದ ಬಹುಭಾಗದಲ್ಲಿ ಮಾಪಕಗಳು ಬಹು ವಿರಳ. ಅಲ್ಲಿಯ ಬರಗಾಲವನ್ನು ಮೊದಲೇ ತಿಳಿಯಲು ಬಳಸುವ ‘ಚಿರ್ಪ್ಸ್’ ಎಂಬ ಲೆಕ್ಕವು 1981ರಿಂದೀಚಿನ ಉಪಗ್ರಹದ ಅಂದಾಜುಗಳನ್ನು ದೊರೆತಷ್ಟು ಮಾಪಕಗಳ ಅಂಕಿಗಳೊಡನೆ ಬೆರೆಸಿ ತಯಾರಾಗುವುದು. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ, ಅಳತೆಯನ್ನು ತಾವಾಗಿಯೇ ಕಳುಹಿಸುವ ಮಾಪಕಗಳನ್ನು ನೆಡಿಸಿರುವುದು ಇಲ್ಲಿಯವರ ಸುದೈವವೇ ಸರಿ.

ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಸೂಚನೆಗಳು

1. ಮಾಪಕದ ಬಳಿಯ ಮರ ಅಥವಾ ಗೋಡೆಯು, ತನ್ನ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು.

2. ಆಲಿಕೆಯಲ್ಲಿ ಎಲೆ, ಧೂಳು, ಜೇಡರಬಲೆ ಸೇರದಂತೆ ನೋಡಿಕೊಳ್ಳಬೇಕು. ದನಕರು ತಾಗದಂತೆ ಬೇಲಿ ಇರಬೇಕು.

3. ಕೈಯಿಂದ ಅಳೆಯುವ ಮಾಪಕವನ್ನು ಪ್ರತಿದಿನವೂ ಬೆಳಿಗ್ಗೆ 8.30ಕ್ಕೆ ನೋಡಬೇಕು.

4. ಮಳೆ ಬಾರದ ದಿನ 0 ಎಂದು ಬರೆಯತಕ್ಕದ್ದು. ನೋಡಲಾಗದ ದಿನ ‘ನೋಡಲಿಲ್ಲ’ ಎಂದೇ ಬರೆಯತಕ್ಕದ್ದು. ಅಂದು 0 ಬರೆದರೆ ಸುರಿದ ಮಳೆಯನ್ನೇ ಇಲ್ಲವೆಂದಂತಾಗುವುದು.

ಒಂದು ಮಾಪಕದ ಬಾಯಿ ಗೇಣಿಗಿಂತ ಕಿರಿದು. ಆದರೂ ಆಕಾಶದಿಂದ ಬರುವ ಲೆಕ್ಕದ ತಪ್ಪನ್ನು ತಿದ್ದಲು ಅದೇ ಸಾಕ್ಷಿ. ಆ ಸಾಕ್ಷಿ ಕೆಟ್ಟರೆ ಅದೊಂದೇ ಊರಿಗಲ್ಲ, ಮಾಪಕವಿಲ್ಲದ ಸುತ್ತಲ ಊರುಗಳಿಗೂ ನಷ್ಟವು.