ಮಗಳ ಹತ್ತಿರ ಸಾರಿ ಕೇಳಿದ ರಾತ್ರಿ

ನಾವು ಮಂಗಳೂರು ಕಡೆಯ ಕೆಥೋಲಿಕರು. ಬೆಂಗಳೂರಿನ ಫ್ಲ್ಯಾಟಿಗೆ ಬಂದ ಮೇಲೂ ರಾತ್ರಿಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಬಿಟ್ಟಿಲ್ಲ. ಆವತ್ತು ನಾನು ಬಾಯಲ್ಲಿ ಜಪ ಹೇಳ್ತಾ, ಮಂಡಿ ಹಿಂದೆ ಫೋನ್ ಇಟ್ಟುಕೊಂಡು ಆಫೀಸಿನ ಮೆಸೇಜಿಗೆ ರಿಪ್ಲೈ ಮಾಡ್ತಿದ್ದೆ.

"ಪಪ್ಪಾ, ಜೀಸಸ್‌ಗೆ ಮೆಸೇಜ್ ಮಾಡ್ತಿದ್ದೀಯಾ?"

ಐದು ವರ್ಷದ ಮಗಳು. ಹೆಂಡತಿ ನಗು ತಡೆದುಕೊಂಡಳು. ನನಗೆ ಸಿಟ್ಟು ಬಂತು. "ಪ್ರಾರ್ಥನೆ ಟೈಮಲ್ಲಿ ಮಾತಾಡಬಾರದು ಅಂತ ಗೊತ್ತಾಗಲ್ವಾ?" ಅಂತ ಗದರಿದೆ. ಅವಳು ಅಳಲಿಲ್ಲ, ಸುಮ್ಮನೆ ತಲೆ ತಗ್ಗಿಸಿದಳು. ಅದೇ ಹೆಚ್ಚು ಚುಚ್ಚಿತು.

ತೇರ್ಸ್ ಮುಗಿದ ಮೇಲೆ ಮಕ್ಕಳು ದೊಡ್ಡವರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳೋದು ನಮ್ಮ ಪದ್ಧತಿ. ಅವಳೂ ಬಂದು ನಿಂತಳು. ನನಗೆ ಕೈ ಎತ್ತೋಕೇ ಆಗಲಿಲ್ಲ. ಅಪ್ಪ ನೆನಪಾದರು.

ನಾನು ಏಳನೇ ಕ್ಲಾಸಲ್ಲಿದ್ದಾಗ ಮನೆಯಲ್ಲಿ ನೂರು ರೂಪಾಯಿ ಕಾಣೆಯಾಗಿತ್ತು. ಅಪ್ಪ ನನ್ನ ಮೇಲೆ ಗುಮಾನಿಪಟ್ಟು ಎರಡೇಟು ಹಾಕಿದ್ದರು. ಎರಡು ದಿನ ಬಿಟ್ಟು ನೋಟು ಅವರದೇ ಪ್ರಾರ್ಥನೆ ಪುಸ್ತಕದೊಳಗೆ ಸಿಕ್ಕಿತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಆ ರಾತ್ರಿ ಅಜ್ಜಿ, ಅಮ್ಮ ಎಲ್ಲರ ಎದುರು, "ತಪ್ಪು ನನ್ನದು ಮಗಾ, ಕ್ಷಮಿಸು" ಅಂದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಮೇಲೆ ಅವರ ಹತ್ತಿರ ಸುಳ್ಳು ಹೇಳೋದು ಮಾತ್ರ ಕಷ್ಟವಾಯ್ತು.

ಪವಿತ್ರ ಗುರುವಾರ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಚರ್ಚಿನಲ್ಲಿ ಪ್ರತಿವರ್ಷ ನೋಡ್ತೀವಿ. ಗುರುವಾಗಿದ್ದವನೇ ಟವೆಲ್ ಕಟ್ಟಿಕೊಂಡು ಬಗ್ಗಿದ. 2013ರಲ್ಲಿ ಪೋಪ್ ಫ್ರಾನ್ಸಿಸ್ ಆ ವಿಧಿಯನ್ನು ರೋಮ್‌ನ ಬಾಲಾಪರಾಧಿಗಳ ಜೈಲಿನಲ್ಲಿ ಮಾಡಿದರು. ಕಾಲು ತೊಳೆಸಿಕೊಂಡ 12 ಜನರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಕುಟುಂಬದ ಬಗ್ಗೆ 2016ರಲ್ಲಿ ಬಂದ ಅವರ 'ಅಮೋರಿಸ್ ಲೆಟೀಶಿಯಾ'ದಲ್ಲಿ ಮನೆಗೆ ಬೇಕಾದ ಮೂರು ಮಾತು ಬರುತ್ತವೆ: ದಯವಿಟ್ಟು, ಥ್ಯಾಂಕ್ಸ್, ಸಾರಿ. ಈ ಮೂರನ್ನೂ ಮಕ್ಕಳಿಂದ ದಿನಕ್ಕೆ ಹತ್ತು ಸಲ ಹೇಳಿಸ್ತೀವಿ. ನಾವು ಅವರಿಗೆ ಹೇಳೋದು? ಆಫೀಸಲ್ಲಿ ಸರ್ವರ್ ಬಿದ್ದರೆ ಯಾರನ್ನೂ ದೂರದೆ ಕಾರಣ ಮಾತ್ರ ಹುಡುಕುವ ನಾನು, ಮನೆಯಲ್ಲಿ ಐದು ವರ್ಷದವಳ ಮೇಲೆ ತಪ್ಪು ಹೊರಿಸಿದ್ದೆ.

ಮಂಡಿಯೂರಿ ಅವಳ ಎತ್ತರಕ್ಕೆ ಬಂದು, "ಫೋನ್ ನೋಡಿದ್ದು ನಾನು, ಬೈಸಿಕೊಂಡಿದ್ದು ನೀನು. ಸಾರಿ" ಅಂದೆ. ಅಮ್ಮನಿಗೆ ಇದು ಅಷ್ಟು ಇಷ್ಟವಾಗಲಿಲ್ಲ. "ಮಕ್ಕಳ ಹತ್ರ ಸಾರಿ ಕೇಳಿದ್ರೆ ತಲೆ ಮೇಲೆ ಕೂರ್ತಾವೆ" ಅಂದರು ಫೋನಲ್ಲಿ. ಅಪ್ಪನ ನೂರು ರೂಪಾಯಿ ನೆನಪಿಸಿದೆ, ಸುಮ್ಮನಾದರು. ಅಂದಹಾಗೆ, ಒಂಬತ್ತಕ್ಕೆ ಮಲಗಬೇಕು ಅನ್ನೋ ರೂಲ್ ಹಾಗೇ ಇದೆ, ಅದರಲ್ಲಿ ರಿಯಾಯಿತಿ ಇಲ್ಲ.

ಮಗಳು ಯೋಚಿಸಿ, "ಫೋನ್ ಕೊಡು" ಅಂದಳು. ಕೊಟ್ಟೆ. ಶೂ ರ‍್ಯಾಕಿನಲ್ಲಿ ಇಟ್ಟು ಬಂದಳು. ಈಗ ತೇರ್ಸ್ ಹೊತ್ತಿಗೆ ಅದರ ಜಾಗ ಅದೇ. ಕಳೆದ ವಾರ ಆನ್‌ಕಾಲ್ ಇತ್ತು, ರ‍್ಯಾಕಿನಿಂದ ರಿಂಗಾಯ್ತು. "ಹೋಗ್ಲಾ?" ಅಂತ ಅವಳನ್ನೇ ಕೇಳಿದೆ.

"ಎರಡೇ ನಿಮಿಷ."