ಹಳೆಯ ಇಮೇಲ್ ಬೇಗ ಸಿಗುವ ಬಗೆ

ಥಂಡರ್‌ಬರ್ಡ್‌ನಂತಹ ಮೇಲ್ ತಂತ್ರಾಂಶವು ಹುಡುಕುವಾಗ ಸಾವಿರಾರು ಪತ್ರಗಳನ್ನು ಮೊದಲಿನಿಂದ ಓದುತ್ತ ಹೋಗುವುದಿಲ್ಲ. ಯಾವ ಪದ ಯಾವ ಪತ್ರದಲ್ಲಿದೆ ಎಂಬುದನ್ನು ಪುಸ್ತಕದ ಕೊನೆಯ ಪದಸೂಚಿಯಂತೆ ಮೊದಲೇ ಬರೆದಿಟ್ಟ ಕಡತವನ್ನು, ಅಂದರೆ ಇಂಡೆಕ್ಸನ್ನು, ನೋಡಿ ಉತ್ತರಿಸುತ್ತದೆ. ಇಂಡೆಕ್ಸ್ ಕೆಟ್ಟರೆ ಇರುವ ಪತ್ರವೂ ಸಿಗದು. ಆಗ ಥಂಡರ್‌ಬರ್ಡನ್ನು ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರಿನಲ್ಲಿ ‘ಗ್ಲೋಬಲ್ ಮೆಸೇಜಸ್ ಡಿಬಿ’ ಎಂಬ ಹೆಸರಿನ ಕಡತವನ್ನಷ್ಟೇ ಅಳಿಸಿ ಮತ್ತೆ ತೆರೆದರೆ, ಪತ್ರಗಳಿಗೆ ಧಕ್ಕೆಯಾಗದೆ ಇಂಡೆಕ್ಸ್ ಹೊಸದಾಗಿ ಸಿದ್ಧವಾಗುತ್ತದೆ.

2004ರಲ್ಲಿ ಆರಂಭವಾದ ಜಿಮೇಲ್‌ನಲ್ಲಿ ಶೋಧಸೂತ್ರಗಳಿವೆ. ಹುಡುಕು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಫ್ರಮ್’ ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ಕಳುಹಿಸಿದವರ ವಿಳಾಸವನ್ನೂ, ‘ಬಿಫೋರ್’ ಎಂಬುದರ ಮುಂದೆ ಅದೇ ರೀತಿ 2010/01/01 ಎಂದೂ ಸೇರಿಸಿದರೆ, ಆ ವ್ಯಕ್ತಿಯಿಂದ ಆ ದಿನಕ್ಕೆ ಮುನ್ನ ಬಂದ ಪತ್ರಗಳಷ್ಟೇ ಉಳಿಯುತ್ತವೆ.

ಕನ್ನಡ ಪತ್ರಗಳ ವಿಚಾರ ಇನ್ನೂ ಸೂಕ್ಷ್ಮವಾದುದು, ಮತ್ತು ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮುನ್ನ, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ಕಂಪ್ಯೂಟರು ರೋಮನ್ ಅಕ್ಷರ, ಚಿಹ್ನೆಗಳ ಸಾಲಾಗಿಯೇ ಉಳಿಸಿಕೊಂಡಿದ್ದರಿಂದ, ಇಂದಿನ ಕೀಲಿಮಣೆಯಲ್ಲಿ ‘ಮದುವೆ’ ಎಂದು ಹುಡುಕಿದರೆ ಅಂದಿನ ‘ಮದುವೆ’ ಸಿಗುವುದಿಲ್ಲ. ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದ ಪತ್ರಗಳಲ್ಲಂತೂ ಒಂದೇ ಪದಕ್ಕೆ ಹಲವು ಕಾಗುಣಿತಗಳಿರುತ್ತವೆ. ಇಂತಹ ಪತ್ರಗಳನ್ನು ಪದದಿಂದಲ್ಲ, ಕಳುಹಿಸಿದವರ ವಿಳಾಸ, ದಿನಾಂಕ ಮತ್ತು ಲಗತ್ತಿನ, ಅಂದರೆ ಪತ್ರದೊಡನೆ ಬಂದ ಕಡತದ, ಹೆಸರಿನಿಂದ ಹುಡುಕಬೇಕು.